ಮಗು ಒಂದೇ ಮಾತನ್ನು ಎಷ್ಟು ಮಂದಿಗೆ ಹೇಳಬೇಕು?

ಸರಕಾರಿ ಶಾಲೆ ಟೀಚರ್ (ಚರ್ಚೆ ಶುರು ಮಾಡಿದವರು)

ಧಾರವಾಡ, ಗದಗ, ಹಾವೇರಿ, ಈ ಮೂರರಲ್ಲಿ ಒಂದು ಜಿಲ್ಲೆಯಲ್ಲಿ ಪಾಠ ಮಾಡುತ್ತೇನೆ. ಯಾವುದು ಅಂತ ಕೇಳಬೇಡಿ. ಕೆಲವು ವಿವರ ಬೇಕಂತಲೇ ಬದಲಿಸಿದ್ದೇನೆ.

ನನ್ನ ತರಗತಿಯ ಒಂದು ಹುಡುಗಿ, ಒಂಬತ್ತು ವರ್ಷ. ಊಟದ ಗಂಟೆ ಹೊಡೆದ ಮೇಲೂ ಎದ್ದು ಹೋಗದೆ ಕೂತಿರುತ್ತಿದ್ದಳು. ಎರಡು ವಾರ ಹೀಗೇ. ಒಂದು ದಿನ ಸುಮ್ನೆ ಹೋಗಿ ಪಕ್ಕದಲ್ಲಿ ಕೂತೆ. "ಟೀಚರ್, ಒಂದ್ ಮಾತ್ ಹೇಳಿದ್ರ ಬೈಯಂಗಿಲ್ಲಲ್ಲ?" ಅಂದಳು. ಹೇಳಿದ್ದೇನು ಅಂತ ಇಲ್ಲಿ ಬರೆಯೋದಿಲ್ಲ. ಮನೆಗೆ ಬಂದು ಹೋಗುವ ಪರಿಚಯದವನ ವಿಷಯ ಅಂದರೆ ಸಾಕು.

ಅವತ್ತಿನಿಂದ ಲೆಕ್ಕ ಇಟ್ಟೆ. ನನಗೆ ಹೇಳಿದ್ದು ಒಂದು. ಹೆಡ್‌ಮಾಸ್ಟರಿಗೆ ಎರಡು. ಸುದ್ದಿ ಕೇಳಿ ಹೊಲದಿಂದ ಓಡಿ ಬಂದ ಅವ್ವನಿಗೆ ಮೂರು. ಸ್ಟೇಶನ್ನಿನಲ್ಲಿ ಟೇಬಲ್ಲಿಗೆ ಕೂತವರಿಗೆ ನಾಲ್ಕು. ಮಹಿಳಾ ಎಸ್‌ಐ ಬಂದ ಮೇಲೆ ಐದು. ದವಾಖಾನೆಯ ಕ್ಯಾಜುವಾಲ್ಟಿ ಡಾಕ್ಟರಿಗೆ ಆರು. ಅವರು ಕರೆಸಿದ ಲೇಡಿ ಡಾಕ್ಟರಿಗೆ ಏಳು. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಎಂಟು. ಜಡ್ಜ್ ಎದುರು ಒಂಬತ್ತು. ವಯಸ್ಸೂ ಒಂಬತ್ತೇ. ಕೋರ್ಟಿನ ಸಾಕ್ಷಿ ಇನ್ನೂ ಬಾಕಿ ಇದೆ.

ದವಾಖಾನೆಯ ಬೆಂಚಿನ ಮೇಲೆ ಎರಡು ತಾಸು ಕೂತಿದ್ದೆವು. ಅವಳ ಚಪ್ಪಲಿ ಹರಿದು ಪಿನ್ ಹಾಕಿತ್ತು. ಆ ಪಿನ್ ತೆಗೆಯೋದು, ಮತ್ತೆ ಹಾಕೋದು, ಇದೇ ಮಾಡುತ್ತಿದ್ದಳು. ಅಷ್ಟರಲ್ಲಿ ಒಬ್ಬರು ಬಾಗಿಲಿಗೆ ಬಂದು "ಪೋಕ್ಸೋ ಕೇಸಿನ ಹುಡುಗಿ ಯಾರ್ರೀ?" ಅಂತ ಕೂಗಿದರು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಪಿನ್ನು ಬೆರಳಿಗೆ ಚುಚ್ಚಿಕೊಂಡಿತು.

ಏಳನೇ ಸಲ ಕೇಳಿದಾಗ ಅವಳು ಹೇಳಿದ್ದು: "ಆಗಳೇ ಆ ಡಾಕ್ಟರ್‌ಗೆ ಹೇಳೀನಲ್ರಿ, ಅವರನ್ನ ಕೇಳ್ರಿ." ಎಂಟನೇ ಸಲ ಒಂದು ಮಾತು ಬದಲಾಯಿತು. ಮೊದಲು ಮಧ್ಯಾಹ್ನ ಅಂದಿದ್ದವಳು ಸಂಜೆ ಅಂದಳು. ಬೇಗ ಮುಗಿಯಲಿ ಅಂತ ಬಾಯಿಗೆ ಬಂದದ್ದು ಹೇಳಿದಳು, ಅಷ್ಟೇ. ಆದರೆ ಅದು ಈಗ ಕಾಗದದ ಮೇಲಿದೆ.

ಇದರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಆ ಎಸ್‌ಐ ಮೇಡಮ್ ಬಿಸ್ಕೀಟು ತರಿಸಿ ಕೊಟ್ಟರು. ಎಲ್ಲರೂ ಅವರವರ ಕೆಲಸ ಮಾಡಿದರು. ಎಲ್ಲರಿಗೂ ಒಂದೇ ಜಾಗದಲ್ಲಿ, ಒಂದೇ ಸಲ ಹೇಳುವ ವ್ಯವಸ್ಥೆ ನಮ್ಮ ಕಡೆ ಯಾಕಿಲ್ಲ? ಇದೇ ನನ್ನ ಪ್ರಶ್ನೆ.

ನಿರ್ವಾಹಕ

ಮುಂದೆ ಬರೆಯುವವರು ಗಮನಿಸಿ. ಮಗುವಿನ ಹೆಸರು, ಮನೆತನ, ಶಾಲೆ, ಓಣಿ ಯಾವುದೂ ಬೇಡ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೋ ಕಾಯ್ದೆಯ 23ನೇ ಕಲಂ ಇದನ್ನು ತಡೆಯುತ್ತದೆ. "ಇದು ಆ ಊರಿನ ಕೇಸ್ ಅಲ್ವಾ" ಅಂತ ಬರೆದಿದ್ದ ಎರಡು ಉತ್ತರ ಈಗಷ್ಟೇ ತೆಗೆದಿದ್ದೇನೆ.

ನವನಗರದ ಅಪ್ಪ

ಓದಿ ಕೈಕಾಲು ತಣ್ಣಗಾದವು. ನನಗೂ ಇಬ್ಬರಿದ್ದಾರೆ. ಒಂದು ಮಾತು ತಿಳಿಸಿ. ಮಗು ಏನೋ ಹೇಳಿತು ಅಂತ ಇಟ್ಟುಕೊಳ್ಳಿ, ಮೊದಲು ಹೋಗಬೇಕಾದ್ದು ದವಾಖಾನೆಗೋ, ಸ್ಟೇಶನ್ನಿಗೋ? ಖಾತ್ರಿ ಇಲ್ಲದೆ ಹೋದರೆ ನಮ್ಮ ಮೇಲೇ ಬರೋದಿಲ್ವಾ?

ದವಾಖಾನೆ ಸಿಸ್ಟರ್

ಅಣ್ಣಾರ, ನೀವು ಮೊದಲು ಎಲ್ಲಿಗೆ ಹೋದರೂ ನಡೆಯುತ್ತದೆ. ಮಗುವಿಗೆ ನೋವಿದ್ದರೆ, ರಕ್ತ ಹೋಗುತ್ತಿದ್ದರೆ, ಹೆದರಿ ನಡುಗುತ್ತಿದ್ದರೆ ಸೀದಾ ದವಾಖಾನೆಗೆ ಬನ್ನಿ. ಎಫ್‌ಐಆರ್ ಆಗಿರದಿದ್ದರೂ ಪರೀಕ್ಷೆ ಮಾಡಬಹುದು ಅಂತ ಪೋಕ್ಸೋದ 27ನೇ ಕಲಮಿನಲ್ಲೇ ಇದೆ. "ಪೊಲೀಸ್ ಲೆಟರ್ ತಗೊಂಡು ಬರ್ರಿ, ಆಮೇಲೆ ನೋಡ್ತೀವಿ" ಅಂತ ತುರ್ತು ಚಿಕಿತ್ಸೆಗೆ ಯಾರೂ ಹೇಳುವ ಹಾಗಿಲ್ಲ. 2020ರ ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ. ಖಾಸಗಿ ದವಾಖಾನೆಗೂ ಇದು ಅನ್ವಯ, ಚಿಕಿತ್ಸೆಗೆ ದುಡ್ಡೂ ಕೇಳುವಂತಿಲ್ಲ. ಹುಬ್ಬಳ್ಳಿಯವರಿಗೆ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ) ಇದೆ, ಧಾರವಾಡದವರಿಗೆ ಸಿವಿಲ್ ಆಸ್ಪತ್ರೆ, ಗದಗದಲ್ಲಿ ಜಿಮ್ಸ್. ಹಳ್ಳಿಯವರು ಹತ್ತಿರದ ತಾಲೂಕು ದವಾಖಾನೆಗೆ ಹೋದರೂ ಮೊದಲ ಉಪಚಾರ ಆಗಲೇಬೇಕು.

ಬರುವಾಗ ಮಗುವಿಗೆ ಸ್ನಾನ ಮಾಡಿಸಬೇಡಿ. ಬಟ್ಟೆ ಒಗೆಯಬೇಡಿ. ಬದಲಿಸಿದ್ದರೆ ಹಳೇ ಬಟ್ಟೆಯನ್ನು ಕಾಗದದಲ್ಲಿ ಸುತ್ತಿ ತನ್ನಿ, ಪ್ಲಾಸ್ಟಿಕ್ ಚೀಲದಲ್ಲಿ ಬೇಡ, ಬೆವತು ಕೆಡುತ್ತದೆ. ಸಾಕ್ಷ್ಯ ಸಿಗುವುದು ಜಾಸ್ತಿ ಅಂದರೆ ಮೊದಲ 96 ತಾಸು. ಎಚ್‌ಐವಿ ತಡೆಯುವ ಔಷಧ ಶುರು ಮಾಡಲು 72 ತಾಸು. ಆದರೆ ಒಂದು ಮಾತು. ಸ್ನಾನ ಆಗಿಬಿಟ್ಟಿದೆ, ತಿಂಗಳು ಕಳೆದಿದೆ ಅಂತ ಮನೆಯಲ್ಲೇ ಕೂಡಬೇಡಿ. ಪರೀಕ್ಷೆ ಇರುವುದು ಕೋರ್ಟಿಗೆ ಮಾತ್ರ ಅಲ್ಲ. ಸೋಂಕು, ಗಾಯ, ಭಯ, ಇವಕ್ಕೆಲ್ಲ ಔಷಧ ಬೇಕಲ್ಲ.

ಹುಡುಗಿ ಆದರೆ ಲೇಡಿ ಡಾಕ್ಟರೇ ನೋಡಬೇಕು. ತಾಯಿ ಅಥವಾ ಮಗು ನಂಬುವ ಯಾರಾದರೂ ಒಳಗಿರಬೇಕು. ಹನ್ನೆರಡು ದಾಟಿದ ಮಗುವಾದರೆ ಅದರ ಒಪ್ಪಿಗೆಯೂ ಬೇಕು. ಪರೀಕ್ಷೆ ಬೇಡ ಅಂದರೆ ಬೇಡ, ಅದಕ್ಕೆ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಎರಡು ಬೆರಳಿನ ಪರೀಕ್ಷೆ ಅಂತ ಒಂದು ಅನಿಷ್ಟ ಇತ್ತು. ಅದನ್ನು ಮಾಡುವವರು ದುರ್ನಡತೆಯ ತಪ್ಪಿಗೆ ಗುರಿ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಯಾರಾದರೂ ಆ ಮಾತೆತ್ತಿದರೆ ಮಗುವನ್ನು ಎತ್ತಿಕೊಂಡು ಹೊರಗೆ ಬನ್ನಿ.

ಇನ್ನೊಂದು ವಿಷಯ ಎಲ್ಲರ ತಲೆಯಲ್ಲೂ ಕೂರಬೇಕು. "ಡಾಕ್ಟರ್ ಏನೂ ಇಲ್ಲ ಅಂದ್ರು, ಅಂದ್ರ ಹುಡುಗಿ ಸುಳ್ಳ ಹೇಳ್ಯಾಳ" ಅಂತ ಬೀದಿಯಲ್ಲಿ ಮಾತಾಡುತ್ತಾರೆ. ಅಮೆರಿಕದಲ್ಲಿ 2,384 ಮಕ್ಕಳ ಪರೀಕ್ಷೆಗಳನ್ನು ಒಟ್ಟಿಗೆ ನೋಡಿ 2002ರಲ್ಲಿ ಪ್ರಕಟಿಸಿದರು. 96 ಶೇಕಡಾ ಮಕ್ಕಳ ಪರೀಕ್ಷೆ ನಾರ್ಮಲ್. ಮಕ್ಕಳ ಮೈ ಬೇಗ ಮಾಯುತ್ತದೆ, ಎಷ್ಟೋ ಕೃತ್ಯಗಳು ಗುರುತೇ ಬಿಡೋದಿಲ್ಲ. ಹಾಗಾಗಿ ಮಗುವಿನ ಮಾತೇ ದೊಡ್ಡ ಸಾಕ್ಷಿ. ಅದಕ್ಕೇ ಟೀಚರ್ ಬರೆದದ್ದು ಇಷ್ಟು ಮುಖ್ಯ. ಆ ಮಾತನ್ನೇ ನಾವು ಒಂಬತ್ತು ಸಲ ಜಗ್ಗಾಡಿ ಹರಿಯುತ್ತೇವೆ.

ಹೊಡೆತದ ಕೇಸೂ ಇವೆ, ಅವುಗಳ ಬಗ್ಗೆ ಯಾರೂ ಮಾತಾಡೋದಿಲ್ಲ. "ತೊಟ್ಟಿಲಿಂದ ಬಿದ್ದ" ಅಂತ ಕೂಸನ್ನು ತರುತ್ತಾರೆ. ಇನ್ನೂ ಅಂಬೆಗಾಲಿಡದ ಕೂಸಿನ ಮೈಮೇಲೆ ಕಂದಿದ ಗುರುತಿದ್ದರೆ ನಮಗೆ ಅನುಮಾನ ಬರಲೇಬೇಕು. ಎರಡು ವರ್ಷದೊಳಗಿನ ಮಗುವಾದರೆ ಇಡೀ ಮೈಯ ಎಕ್ಸ್‌ರೇ ತೆಗೆಸಿ ಹಳೇ ಮುರಿತ ಇವೆಯಾ ಅಂತ ನೋಡಬೇಕು. ಇಪ್ಪತ್ತೆರಡು ವರ್ಷದಲ್ಲಿ ಅದನ್ನು ಕೇಳಿ ಬರೆಸಿದ ಡಾಕ್ಟರುಗಳನ್ನು ಬೆರಳಲ್ಲಿ ಎಣಿಸಬಹುದು.

ಗದಗ ಪೇಟೆ

ಎಲ್ಲಾ ಸರಿ. ಆದರೆ ಸುಳ್ಳು ಕೇಸೂ ಜಾಸ್ತಿ ಆಗಿವೆ ಅಲ್ವಾ? ಹೊಲದ ಜಗಳಕ್ಕೆ ಪೋಕ್ಸೋ ಹಾಕಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ನಾಲ್ಕು ಮಂದಿ ನಾಲ್ಕು ಸಲ ಕೇಳುತ್ತಾರೆ, ಸತ್ಯ ಹೊರಗೆ ಬರಲಿ ಅಂತ.

ಕೋರ್ಟ್ ರೋಡ್ ವಕೀಲ

ಪೇಟೆಯವರೇ, ಬೇಕಂತಲೇ ಸುಳ್ಳು ದೂರು ಕೊಟ್ಟ ದೊಡ್ಡವರಿಗೆ 22ನೇ ಕಲಮಿನಲ್ಲಿ ಶಿಕ್ಷೆ ಇದೆ. ಮಗುವಿಗೆ ಇಲ್ಲ. ಹದಿನಾರು ಹದಿನೇಳರ ಹುಡುಗ ಹುಡುಗಿ ಓಡಿಹೋದ ಕೇಸುಗಳೂ ಇದೇ ಕಾಯ್ದೆಯಡಿ ಬರುತ್ತವೆ, ಅದು ಬೇರೆಯೇ ತಕರಾರು, ನಿಮ್ಮ ಸಿಟ್ಟು ಅಷ್ಟರ ಮಟ್ಟಿಗೆ ಒಪ್ಪುತ್ತೇನೆ.

ಆದರೆ ನಾಲ್ಕು ಸಲ ಕೇಳಿದರೆ ಸತ್ಯ ಬರುತ್ತದೆ ಅನ್ನೋದು ತಪ್ಪು. ನಾನು ಆರೋಪಿ ಪರವಾಗಿಯೂ ನಿಂತಿದ್ದೇನೆ, ಅದಕ್ಕೇ ಹೇಳುತ್ತೇನೆ. ನಮಗೆ ಬೇಕಾದ್ದೇ ನಾಲ್ಕು ಹೇಳಿಕೆ. ಸ್ಟೇಶನ್ನಿನಲ್ಲಿ ಮಧ್ಯಾಹ್ನ, ಸಮಿತಿ ಮುಂದೆ ಸಂಜೆ. ಅಷ್ಟು ಸಿಕ್ಕರೆ ಸಾಕು, ಪಾಟೀಸವಾಲಿನಲ್ಲಿ ಅರ್ಧ ಕೇಸು ಮುಗಿಯಿತು. ಒಂದೇ ಸಲ ಸರಿಯಾಗಿ ಕೇಳಿ ರೆಕಾರ್ಡ್ ಮಾಡಿದ್ದರೆ ಸುಳ್ಳು ಕೇಸಾದರೂ ಅಲ್ಲೇ ಬಯಲಾಗುತ್ತದೆ. ಯಾರು ಹೇಳಿಕೊಟ್ಟರು ಅನ್ನೋದು ರೆಕಾರ್ಡಿನಲ್ಲಿ ಕಾಣುತ್ತದೆ. ನಿಮ್ಮ ಹೊಲದ ಜಗಳದ ಆಸಾಮಿಗೂ ಅದರಿಂದ ಲಾಭವೇ.

ನವನಗರದವರಿಗೆ: ಖಾತ್ರಿ ಬೇಕಿಲ್ಲ. ಹೀಗಾಗಿರಬಹುದು ಅನ್ನುವ ಅನುಮಾನಕ್ಕೂ 19ನೇ ಕಲಂ ಸಾಕು. ಒಳ್ಳೇ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಬರೋದಿಲ್ಲ. ಗೊತ್ತಿದ್ದೂ ಮುಚ್ಚಿಟ್ಟರೆ ಮಾತ್ರ ಆರು ತಿಂಗಳವರೆಗೆ ಶಿಕ್ಷೆ, ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಎಲ್ಲಿಗೆ ಹೋಗಬೇಕು ತಿಳಿಯದಿದ್ದರೆ 1098ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಇರುತ್ತಾರೆ.

ಟೀಚರ್ ಅವರೇ, ನಾಲ್ಕನೇ ಸಲ ಆಗಬೇಕಾಗಿಯೇ ಇರಲಿಲ್ಲ. ಮಗುವನ್ನು ಸ್ಟೇಶನ್ನಿಗೆ ಕರೆಸುವ ಅಗತ್ಯವೇ ಇಲ್ಲ. ಮನೆಯಲ್ಲಿ ಅಥವಾ ಮಗು ಹೇಳಿದ ಜಾಗದಲ್ಲಿ, ಖಾಕಿ ಇಲ್ಲದೆ, ಸಾಧ್ಯವಾದಷ್ಟು ಮಹಿಳಾ ಎಸ್‌ಐಯೇ ಹೇಳಿಕೆ ಬರೆದುಕೊಳ್ಳಬೇಕು. 24ನೇ ಕಲಂ.

ಸರಕಾರಿ ಶಾಲೆ ಟೀಚರ್

ಆಗ ಗೊತ್ತಿರಲಿಲ್ಲ ಸರ್. ಸ್ಟೇಶನ್ನಿಗೆ ನಾನೇ ಕರೆದುಕೊಂಡು ಹೋದೆ, ನನ್ನ ಸ್ಕೂಟಿ ಮೇಲೆ.

ಹಾವೇರಿಯ ತಾಯಿ

ಎಲ್ಲರೂ ಹುಡುಗಿ ಹುಡುಗಿ ಅಂತ ಬರೆಯುತ್ತಿದ್ದೀರಿ. ನನ್ನ ಮಗನಿಗೆ ಆಗಿದ್ದು, ಹನ್ನೊಂದು ವರ್ಷದವನಿದ್ದಾಗ. ನಾವು ಹೋದ ದವಾಖಾನೆಯಲ್ಲಿ ಒಬ್ಬರು "ಗಂಡು ಹುಡುಗ ಅಲ್ಲೇನ್ರಿ, ದೊಡ್ಡವನಾದ ಮ್ಯಾಲೆ ಮರೀತಾನ" ಅಂದರು. ಅವನು ಅಲ್ಲೇ ನಿಂತಿದ್ದ. ಅವತ್ತಿನಿಂದ ಮೂರು ತಿಂಗಳು ಅದರ ಬಗ್ಗೆ ಬಾಯಿ ಬಿಡಲಿಲ್ಲ.

2007ರಲ್ಲಿ ಕೇಂದ್ರ ಸರಕಾರವೇ ಮಕ್ಕಳನ್ನು ಕೇಳಿ ಒಂದು ವರದಿ ಮಾಡಿತ್ತು. ಲೈಂಗಿಕ ಕಿರುಕುಳ ಆಗಿದೆ ಅಂದ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಗಂಡು ಹುಡುಗರು. ಪೋಕ್ಸೋದಲ್ಲಿ ಹುಡುಗ ಹುಡುಗಿ ಅಂತ ಭೇದವೇ ಇಲ್ಲ. ಭೇದ ಇರುವುದು ನಮ್ಮ ಬಾಯಲ್ಲಿ.

ಕೊನೆಗೆ ಧಾರವಾಡದ ಡಿಮ್ಹಾನ್ಸಿಗೆ ಕರೆದುಕೊಂಡು ಹೋದೆ. ನಮ್ಮತ್ತೆ "ಹುಚ್ಚರ ದವಾಖಾನಿಗೆ ಯಾಕ ಒಯ್ತಿ" ಅಂತ ಎರಡು ದಿನ ಊಟ ಬಿಟ್ಟರು. ಅಲ್ಲಿ ಮೊದಲ ದಿನ ಆ ಸುದ್ದಿಯನ್ನೇ ಎತ್ತಲಿಲ್ಲ. ಕ್ರಿಕೆಟ್ ಬಗ್ಗೆ ಮಾತಾಡಿದರು. ನನಗೆ ಸಿಟ್ಟೇ ಬಂದಿತ್ತು, ಬಸ್ಸಿನ ಖರ್ಚು ದಂಡ ಅಂತ. ಮೂರನೇ ಸಲ ಹೋದಾಗ ಅವನೇ ಶುರು ಮಾಡಿದ.

ಬೆಂಬಲ ವ್ಯಕ್ತಿ

ಹಾವೇರಿ ಅಕ್ಕಾರ ಹೇಳಿದ ಕ್ರಿಕೆಟ್ ಸುಮ್ನೆ ಅಲ್ಲ. ಅದೇ ಪದ್ಧತಿ. ನನ್ನ ಕೆಲಸವೇ ಇದು. ಮಕ್ಕಳ ಕಲ್ಯಾಣ ಸಮಿತಿಯವರು ಪೋಕ್ಸೋ ಕೇಸಿನ ಮಗುವಿನ ಜೊತೆ ಇರಲು ನಮ್ಮಂಥವರನ್ನು ನೇಮಿಸುತ್ತಾರೆ. ಕೇಸು ಮುಗಿಯುವವರೆಗೂ ಜೊತೆಗಿರಬೇಕು. ಹೀಗೊಂದು ಹಕ್ಕಿದೆ ಅಂತ ತಂದೆತಾಯಿಗೆ ತಿಳಿಸಲೇಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಟೀಚರ್, ನಿಮಗೆ ಯಾರಾದರೂ ತಿಳಿಸಿದರಾ?

ಮಗುವನ್ನು ಕೇಳುವುದು ಒಂದು ಕಸುಬು. ಮೊದಲು ಬೇರೆ ಏನಾದರೂ ಮಾತು, ಜಾತ್ರೆಗೆ ಹೋಗಿದ್ದು, ಮನೆಯ ನಾಯಿ, ಯಾವುದೂ ಆದೀತು. ಅದರಲ್ಲೇ ಮಗುವಿಗೆ ಉದ್ದಕ್ಕೆ ಹೇಳುವ ರೂಢಿ ಆಗುತ್ತದೆ. ಆಮೇಲೆ ಎರಡು ಮೂರು ಒಪ್ಪಂದ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು. ನಾ ತಪ್ಪು ಹೇಳಿದರೆ ತಿದ್ದು. "ನಿನಗೆ ಐದು ವರ್ಷ ಅಂತ ಅಂದ್ರೆ ಏನಂತಿ?" ಅಂತ ಕೇಳಿ ನೋಡುತ್ತೇವೆ. "ಅಲ್ರಿ, ಒಂಬತ್ತು" ಅಂತ ಜೋರಾಗಿ ತಿದ್ದಿದರೆ ಮುಂದಕ್ಕೆ ಹೋಗಬಹುದು. ಸುಮ್ಮನೆ ತಲೆ ಆಡಿಸಿದರೆ ನಿಧಾನಿಸಬೇಕು, ಆ ಮಗು ದೊಡ್ಡವರು ಅಂದದ್ದಕ್ಕೆಲ್ಲ ಹೂಂ ಅನ್ನುತ್ತದೆ.

ಆಮೇಲೆ ಕೇಳುವುದು ಇಷ್ಟೇ: "ಏನಾಯ್ತು, ನೀನೇ ಹೇಳು." "ಆಮೇಲೆ?" ಮತ್ತೆ "ಆಮೇಲೆ?" "ಅವನು ಹಿಂಗ ಮಾಡಿದ್ನಾ?" ಅಂತ ನಾವೇ ಬಾಯಿಗೆ ಇಡಬಾರದು. ಎಷ್ಟು ಗಂಟೆಗೆ ಅಂತ ಕೇಳಿ ಉಪಯೋಗವಿಲ್ಲ, ಟಿವಿಯಲ್ಲಿ ಏನು ಬರುತ್ತಿತ್ತು, ಮನೆಯಲ್ಲಿ ಯಾರಿದ್ದರು ಅಂತ ಕೇಳಿದರೆ ಹೊತ್ತು ತಾನಾಗಿಯೇ ಸಿಗುತ್ತದೆ. ಟೀಚರ್ ಬರೆದ ಮಧ್ಯಾಹ್ನ, ಸಂಜೆ ತಕರಾರು ಇಲ್ಲೇ ತಪ್ಪುತ್ತಿತ್ತು.

ಇನ್ನು ಬರೆದುಕೊಳ್ಳುವ ಭಾಷೆ. "ಸದರಿ ಆರೋಪಿತನು ನನ್ನೊಂದಿಗೆ ಅನುಚಿತವಾಗಿ ವರ್ತಿಸಿರುತ್ತಾನೆ" ಅಂತ ಒಂದು ಆರು ವರ್ಷದ ಹುಡುಗನ ಹೇಳಿಕೆ ಓದಿದ್ದೇನೆ. ಯಾವ ಆರು ವರ್ಷದ ಹುಡುಗ ಹೀಗೆ ಮಾತಾಡುತ್ತಾನೆ? ಅವನು ತನ್ನ ಮೈಗೆ, ಆ ಮನುಷ್ಯನಿಗೆ ಏನು ಹೆಸರು ಇಟ್ಟಿದ್ದಾನೋ ಅದೇ ಕಾಗದಕ್ಕೆ ಬರಬೇಕು. ತಾಂಡಾದ ಮಗು ಲಂಬಾಣಿಯಲ್ಲಿ ಹೇಳುತ್ತದೆ, ಹಳೇ ಹುಬ್ಬಳ್ಳಿಯ ಮಗು ಉರ್ದುವಿನಲ್ಲಿ. ಭಾಷೆ ಬಲ್ಲವರನ್ನು ಕರೆಸಿ ಅಂತ ಕೇಳುವ ಹಕ್ಕಿದೆ. ಕೇಳಿದವರು ಕಡಿಮೆ.

ಮನೆಯವರಿಗೆ ಒಂದು ಬೇಡಿಕೆ. ಮಗು ಹೇಳಿದಾಗ "ನೀ ಹೇಳಿದ್ದು ಛಲೋ ಆತು, ನಿಂದೇನೂ ತಪ್ಪಿಲ್ಲ" ಅನ್ನಿ. ಅಲ್ಲಿಗೆ ನಿಲ್ಲಿಸಿ. ಅದು ಹೇಳಿದ ಮಾತನ್ನು ಹಾಗೇ ಒಂದು ಚೀಟಿಯಲ್ಲಿ ಬರೆದಿಡಿ, ತಾರೀಕು ಹಾಕಿ. ಅಪ್ಪ, ಕಾಕಾ, ಮಾಮಾ ಎಲ್ಲರೂ ಸಾಲಾಗಿ ವಿಚಾರಣೆ ಮಾಡಬೇಡಿ.

ಹೈದರಾಬಾದಿನಲ್ಲಿರುವ ಹುಬ್ಬಳ್ಳಿ ಹುಡುಗ

ಟೀಚರ್ ಕೇಳಿದ ವ್ಯವಸ್ಥೆ ಇಲ್ಲಿ ಇದೆ. ಭರೋಸಾ ಕೇಂದ್ರ, 2016ರಿಂದ. ಪೊಲೀಸರು, ಆಪ್ತ ಸಮಾಲೋಚಕರು, ವಕೀಲರು, ವೈದ್ಯಕೀಯ ನೆರವು ಒಂದೇ ಕಡೆ. ಇದರ ಮೂಲ ಅಮೆರಿಕದ ಹಂಟ್ಸ್‌ವಿಲ್ ಊರು. ಅಲ್ಲಿನ ಸರಕಾರಿ ವಕೀಲ ಬಡ್ ಕ್ರೇಮರ್ 1985ರಲ್ಲಿ ಶುರು ಮಾಡಿದ್ದು. ಮಗು ಎಲ್ಲರ ಬಾಗಿಲಿಗೂ ಅಲೆಯುವುದು ಬೇಡ, ಎಲ್ಲರೂ ಮಗು ಇರುವಲ್ಲಿಗೆ ಬರಲಿ ಅಂತ. ಐಸ್‌ಲ್ಯಾಂಡಿನಲ್ಲಿ 1998ರಲ್ಲಿ ಮಕ್ಕಳ ಮನೆ ಅಂತಲೇ ಹೆಸರಿಟ್ಟು ಮಾಡಿದರು. ಅಲ್ಲಿ ಮಗು ಒಬ್ಬರ ಜೊತೆ ಮಾತಾಡುತ್ತದೆ, ಉಳಿದವರು ಇನ್ನೊಂದು ಕೋಣೆಯಲ್ಲಿ ಕೂತು ಪರದೆಯ ಮೇಲೆ ನೋಡುತ್ತಾರೆ.

ಗದಗ ಪೇಟೆ

ಹುಬ್ಬಳ್ಳಿಯಲ್ಲಿ ಮಾಡಬೇಕೋ, ಧಾರವಾಡದಲ್ಲೋ? ಇದರ ಜಗಳದಲ್ಲೇ ಹತ್ತು ವರ್ಷ ಹೋಗುತ್ತದೆ ಬಿಡಿ.

ಕಲಘಟಗಿ ಕಡೆಯವ

ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸಿನ ದಾರಿಯಲ್ಲಿ ಎಲ್ಲಾದರೂ ಮಾಡಲಿ, ಜಗಳವೇ ಇಲ್ಲ. ಆದರೆ ನಮ್ಮೂರಿನಿಂದ ಅಲ್ಲಿಗೆ ಎರಡು ಬಸ್ಸು. ಕೂಲಿ ಬಿಟ್ಟು ಯಾರು ಬರುತ್ತಾರೆ? ನವಲಗುಂದದ ಆಚೆಯವರು?

ಬೆಂಬಲ ವ್ಯಕ್ತಿ

ಅದಕ್ಕೇ ನನಗೆ ದೊಡ್ಡ ಕಟ್ಟಡದ ಮೇಲೆ ಆಸೆ ಇಲ್ಲ. 2015ರಿಂದ ಸಖಿ ಒನ್ ಸ್ಟಾಪ್ ಸೆಂಟರ್ ಅಂತ ಯೋಜನೆ ಇದ್ದೇ ಇದೆ. ಕಾಗದದ ಮೇಲೆ ಎಲ್ಲವೂ ಒಂದೇ ಸೂರಿನಡಿ. ಆದರೆ ಅದು ಮಹಿಳೆಯರಿಗೆ ಅಂತ ಮಾಡಿದ್ದು, ಹುಡುಗಿಯರೂ ಬರಬಹುದು, ಹಾವೇರಿ ಅಕ್ಕಾರ ಮಗನಂಥವರು ಎಲ್ಲಿಗೆ ಹೋಗಬೇಕು? ನಾನು ಕೆಲಸಕ್ಕೆ ಹೋದ ಕಡೆ ಮಗುವನ್ನು ಕೂಡಿಸಿ ಮಾತಾಡಲು ಬಾಗಿಲು ಹಾಕಿಕೊಳ್ಳುವಂಥ ಕೋಣೆಯೇ ಇರಲಿಲ್ಲ. ತಾಲೂಕು ದವಾಖಾನೆಯಲ್ಲಿ ಒಂದು ಕೋಣೆ, ಎರಡು ಕುರ್ಚಿ, ಒಂದು ಕ್ಯಾಮೆರಾ, ಪಕ್ಕದ ಕೋಣೆಗೆ ಒಂದು ವೈರು. ಕೇಳುವುದನ್ನು ಕಲಿತ ಒಬ್ಬರು ಕರೆದಾಗ ಬರಬೇಕು. ಆಡಿಯೊ, ವಿಡಿಯೊ ರೆಕಾರ್ಡ್ ಮಾಡಲು ಪೋಕ್ಸೋದ 26ನೇ ಕಲಮಿನಲ್ಲೇ ಜಾಗವಿದೆ.

ದವಾಖಾನೆ ಸಿಸ್ಟರ್

ಕೋಣೆ ಮಾಡೋಣ, ಆದರೆ ಬಂದವರು ನಿಲ್ಲಬೇಕಲ್ಲ. "ನಾವು ಪೊಲೀಸರಿಗೆ ತಿಳಿಸಲೇಬೇಕು" ಅಂತ ಹೇಳಿದ ಕೂಡಲೇ ಎಷ್ಟೋ ಮಂದಿ ಮಗುವನ್ನು ಎತ್ತಿಕೊಂಡು ಹೋಗಿಬಿಡುತ್ತಾರೆ. ಮಾಡಿದವನು ಮನೆಯವನೇ ಆದರೆ ಇನ್ನೂ ಬೇಗ. ಎಂಎಲ್‌ಸಿ, ಅಂದರೆ ಪೊಲೀಸ್ ಕೇಸಿನ ದವಾಖಾನೆ ದಾಖಲೆ, ಬರೆಯಲು ಪೆನ್ನು ತೆಗೆಯುವುದರೊಳಗೆ ಬೆಂಚು ಖಾಲಿ. ಕಾನೂನು ಮಾಡಿದವರು ಇದನ್ನು ನೋಡಿಲ್ಲ ಅಂತ ನನಗೆ ಅನಿಸುತ್ತದೆ. ವಕೀಲ ಸಾಹೇಬರು ಬೈದರೂ ಪರವಾಗಿಲ್ಲ.

ಕೋರ್ಟ್ ರೋಡ್ ವಕೀಲ

ಬೈಯೋದಿಲ್ಲ ಸಿಸ್ಟರ್. ಆದರೆ ಆ ನಿಯಮ ತೆಗೆದರೆ ಮುಚ್ಚಿಹಾಕುವವರಿಗೆ ಹಬ್ಬ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಒಂದೇ ಸಲ ಅನ್ನೋದಕ್ಕೂ ಒಂದು ಮಾತು. ಈಗಿನ ಕಾನೂನಿನಲ್ಲಿ ಅದು ಪೂರ್ತಿ ಆಗೋದಿಲ್ಲ. ಜಡ್ಜ್ ಎದುರಿನ ಹೇಳಿಕೆ ಬೇರೆ, ವಿಚಾರಣೆಯಲ್ಲಿ ಸಾಕ್ಷಿ ಬೇರೆ. ಆದರೆ ಒಂಬತ್ತನ್ನು ಐದಕ್ಕೆ ಇಳಿಸಬಹುದು, ಇವತ್ತೇ, ಹೊಸ ಕಾನೂನಿಲ್ಲದೆ. ಸ್ಟೇಶನ್ನಿನ ಟೇಬಲ್ಲಿನವರು ಕೇಳಬೇಕಿಲ್ಲ. ಹೆಡ್‌ಮಾಸ್ಟರ್ ಕೇಳಬೇಕಿಲ್ಲ. ಕ್ಯಾಜುವಾಲ್ಟಿಯವರು ಲೇಡಿ ಡಾಕ್ಟರ್ ಬರುವವರೆಗೆ ಗಾಯ ನೋಡಿಕೊಂಡರೆ ಸಾಕು. ಸಮಿತಿಯವರು ಹೇಳಿಕೆಯ ಪ್ರತಿ ಓದಬಹುದು.

ಟೀಚರ್, ಸಾಕ್ಷಿಗೆ ತಾರೀಕು ಬಂತಾ?

ಸರಕಾರಿ ಶಾಲೆ ಟೀಚರ್

ಬಂತು ಸರ್. ಮುಂದಿನ ತಿಂಗಳು. ಎಲ್ಲರೂ ಬರೆದದ್ದನ್ನು ಓದಿ ಸಮಿತಿಗೆ ಹೋಗಿ ಬೆಂಬಲ ವ್ಯಕ್ತಿಗೆ ಅರ್ಜಿ ಕೊಟ್ಟೆವು. ಮೊದಲು ಯಾರೂ ತಿಳಿಸಿರಲಿಲ್ಲ. ಈಗ ಒಬ್ಬರು ಬರುತ್ತಿದ್ದಾರೆ. ಹೋದ ಶನಿವಾರ ಶಾಲೆಗೇ ಬಂದು ಅವಳ ಜೊತೆ ಮೈದಾನದಲ್ಲಿ ಕೂತಿದ್ದರು, ಕೇಸಿನ ಮಾತು ತೆಗೆಯಲಿಲ್ಲ. ನನಗೆ ಎರಡೇ ಹೆದರಿಕೆ. ಅವನು ಎದುರಿಗೆ ನಿಂತಿರುತ್ತಾನಾ? ಅವನ ವಕೀಲ ಜೋರು ಮಾಡುತ್ತಾನಾ?

ಕೋರ್ಟ್ ರೋಡ್ ವಕೀಲ

ಅವನು ಮಗುವಿನ ಕಣ್ಣಿಗೆ ಬೀಳುವಂತಿಲ್ಲ. ಪರದೆ ಅಥವಾ ವಿಡಿಯೊ ಇರಬೇಕು, 36ನೇ ಕಲಂ. ಅವನ ವಕೀಲ ಮಗುವನ್ನು ನೇರ ಕೇಳುವಂತಿಲ್ಲ. ಪ್ರಶ್ನೆಯನ್ನು ಜಡ್ಜಿಗೆ ಕೊಡಬೇಕು, ಜಡ್ಜ್ ಮಗುವನ್ನು ಕೇಳುತ್ತಾರೆ. ನಡುವೆ ಎದ್ದು ಹೋಗಿ ಬರಬೇಕು ಅಂದರೆ ಬಿಡಬೇಕು. ಪರದೆ ಬೇಕು ಅಂತ ಸರಕಾರಿ ವಕೀಲರಿಗೆ ಒಂದು ವಾರ ಮೊದಲೇ ಹೇಳಿಡಿ. ಅವತ್ತು ಬೆಳಗ್ಗೆ ಹೇಳಿದರೆ "ಪರದೆ ಎಲ್ಲೈತಿ ಹುಡುಕ್ರಿ" ಅಂತ ಓಡಾಟ ಶುರುವಾಗುತ್ತದೆ.

ದವಾಖಾನೆ ಸಿಸ್ಟರ್

ಟೀಚರ್, ಅವತ್ತು ನೀರಿನ ಬಾಟಲಿ, ಒಂದಿಷ್ಟು ಚುರುಮುರಿ ಒಯ್ಯಿರಿ. ಕೋರ್ಟಿನಲ್ಲಿ ಕಾಯಿಸುತ್ತಾರೆ. ಚಪ್ಪಲಿ ಹೊಸದು ಕೊಡಿಸಿದ್ರೇನು?

ಸರಕಾರಿ ಶಾಲೆ ಟೀಚರ್

ಕೊಡಿಸಿದೆ ಸಿಸ್ಟರ್. ಹಾಕಿಕೊಳ್ಳುತ್ತಿಲ್ಲ, ಹೊಸದು ಅಂತ ಎತ್ತಿಟ್ಟಿದ್ದಾಳಂತೆ. ಜಾತ್ರೆಗೆ ಬೇಕಂತೆ.